ಮೂರುದಾರಿಯ ಮೊರ

“ಅದನ್ನ ದಾಟಬ್ಯಾಡಪ್ಪೋ! ಪಕ್ಕಕ್ಕ ಇಳಿಸ್ಕೊಂಡು ಹೋಗು!”

ಗುಡೇಕೋಟೆಯ ಹಾದಿಯಲ್ಲಿ, ಮೂರು ದಾರಿ ಕೂಡುವ ಕಡೆ, ಮುದುಕಿ ಗಾಳೆಮ್ಮ ಎರಡೂ ಕೈ ಎತ್ತಿ ನಿಂತಿದ್ದಳು. ಅವಳ ಹಿಂದೆ, ರಸ್ತೆಯ ನಡುವೆ ಒಂದು ಮೊರ. ಅದರಲ್ಲಿ ಅರಿಸಿನದ ಅನ್ನ, ಒಣಮೆಣಸಿನಕಾಯಿ, ಕೂದಲು ಸುತ್ತಿದ ಹಿಟ್ಟಿನ ಗೊಂಬೆ.

ಹೊಸಪೇಟೆಯ ಗಂಗಾಧರ ಸಿಡುಕಿನಿಂದ ಬ್ರೇಕು ಒತ್ತಿದ. ಅದಿರಿನ ಲಾರಿಗಳಲ್ಲಿ ಗಳಿಸಿ, 2006ರ ಆ ಬೇಸಿಗೆಯಲ್ಲಿ ಮುಂಬೈಯಿಂದ ತರಿಸಿದ್ದ ಹಳೆಯ ಜರ್ಮನ್ ಸ್ಪೋರ್ಟ್ಸ್ ಕಾರು ಅದು. ದುಂಡು ದೀಪಗಳು, ಹಿಂದಕ್ಕೆ ಜಾರಿದ ಬೆನ್ನು, ಡಿಕ್ಕಿ ಇರಬೇಕಾದಲ್ಲಿ ಇಂಜಿನ್ನು. ನೀರು ಬೇಡ, ಗಾಳಿಯಲ್ಲೇ ತಣಿಯುವ ಆರು ಸಿಲಿಂಡರು. ಹೊಟ್ಟೆ ಮಾತ್ರ ನೆಲದಿಂದ ಗೇಣೂ ಮೇಲಿಲ್ಲ. ಪಕ್ಕದ ಕಲ್ಲುಗಳಲ್ಲಿ ಜೀಪು ಇಳಿದೀತು, ಇದು ಇಳಿಯದು.

“ನಿನ್ನ ಮೆಣಸಿನಕಾಯಿಗೆ ನನ್ನ ಕಾರಿನ ಹೊಟ್ಟಿ ಹರ್ಕೊಳ್ಳಲೇನು? ಎತ್ತು ಅದನ್ನ!”

“ಎತ್ತಂಗಿಲ್ಲಪ್ಪಾ. ಯಾರೋ ಮಾಟ ಮಾಡ್ಸಿ ನನ್ನ ಮೊಮ್ಮಗಳು ದುರ್ಗಾನ ಬಾಯಿ ಕಟ್ಯಾರ. ನಿವಾಳಿಸಿ ಇಟ್ಟೀನಿ. ಹೊತ್ತು ಮುಳುಗೋತನ ಯಾರೂ ಮುಟ್ಟಬಾರ್ದು. ಕೂಸಿಂದ ತೆಗೆದದ್ದು ಕೂಸನ್ನ ಹುಡುಕತೈತಿ. ನಿನ್ನ ಮಗಳು ಅದಾಳಲ್ಲೋ ಒಳಗ!”

ಎಂಟು ವರ್ಷದ ಕೀರ್ತನಾ ಹಿಂದಿನ ಪುಟ್ಟ ಸೀಟಿನಿಂದ ತಲೆ ತೂರಿಸಿದ್ದಳು. ಮೀಟರಿನ ಮುಳ್ಳು ಓದಿ ಕೂಗುವುದು ಅವಳ ಕೆಲಸ. ಕೂಡ್ಲಿಗಿಯಿಂದಲೂ ಕೂಗುತ್ತಲೇ ಬಂದಿದ್ದಳು.

“ಸರೀ ಮುದುಕೀ!” ಗಂಗಾಧರ ಆಕ್ಸಿಲರೇಟರು ಒತ್ತಿದ.

ರೊಕ್ಕದ ಸೊಕ್ಕು, ಗಾಡಿಯ ಸೊಕ್ಕು ಎರಡೂ ಅವನ ನೆತ್ತಿಗೇರಿದ್ದವು. ಗಾಳೆಮ್ಮ ಪಕ್ಕಕ್ಕೆ ಹಾರಿ ಬಿದ್ದಳು. ಲಾರಿಯಾಗಿದ್ದರೆ ಮೊರ ಹಾಗೇ ಉಳಿಯುತ್ತಿತ್ತು. ಈ ಕಾರು ಅದನ್ನು ಕೆರೆದು ಹೊಟ್ಟೆಗೆ ಸಿಕ್ಕಿಸಿಕೊಂಡು ಹೋಯಿತು.

“ಎಂಬತ್ತು! ನೂರು!” ಅದಕ್ಕೆ ಆರೇಳು ಸೆಕೆಂಡು ಸಾಕಾಯಿತು. ಇಂಜಿನ್ನು ಗರಗಸದಂತೆ ಕೂಗಿತು. “ಅಪ್ಪಾ, ನೂರಾ ನಲವತ್ತು!”

ಆಗ ವಾಸನೆ ಬಂತು. ಈ ಕಾರಿನೊಳಗೆ ಬಿಸಿಗಾಳಿ ಬರುವುದು ಇಂಜಿನ್ನಿನ ಕಡೆಯಿಂದಲೇ. ಸುಟ್ಟ ಮೆಣಸಿನಕಾಯಿ. ಕರಟಿದ ಕೂದಲು. ಮಟಮಟ ಮಧ್ಯಾಹ್ನವೇ ಗಾಜಿನಾಚೆ ಕಪ್ಪಾಯಿತು. ಕಣ್ಣುರಿ. ಉಸಿರು ಸಿಕ್ಕಿಕೊಂಡಿತು. ಮುಳ್ಳು ನೂರಾ ಅರವತ್ತು ದಾಟಿತು. ಯಾರೂ ಕೂಗಲಿಲ್ಲ. ನೂರಾ ಎಂಬತ್ತು. ಯಾರೂ ಕೂಗಲಿಲ್ಲ.

“ಕೀರ್ತನಾ?”

ಬ್ರೇಕು. ತಿರುಗಿ ನೋಡಿದ. ಮಗಳ ಬಾಯಿ ತೆರೆದಿತ್ತು. ನಾಲಿಗೆ ಆಡುತ್ತಿತ್ತು. ಸದ್ದಿಲ್ಲ.

ಅವನು ವಾಪಸು ಬಂದಾಗ ಮೂರುದಾರಿಯಲ್ಲಿ ಒಂದು ಹುಡುಗಿ, “ಅಜ್ಜೀ, ಅದೇ ಕಾರು!” ಎಂದು ಕೂಗುತ್ತಿದ್ದಳು. ದುರ್ಗಾಳ ಬಾಯಿಯ ಕಟ್ಟು ಬಿಚ್ಚಿತ್ತು.

ಗಂಗಾಧರ ಗಾಳೆಮ್ಮನ ಕಾಲು ಹಿಡಿದ. “ವಾಪಸ್ ತಗೋ ಯಮ್ಮಾ!”

“ತಗೊಂಡು ಯಾರ ಮ್ಯಾಲೆ ಹಾಕ್ಲಿ? ಇಕಿ ಮ್ಯಾಲೇನು?” ಮುದುಕಿ ದುರ್ಗಾಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಳು. “ಕೈ ಎತ್ತಿ ಬೇಡ್ಕೊಂಡ್ನಲ್ಲ, ಕೇಳಿದೇನು? ಈಗ ಹೊತ್ತು ಮುಳುಗಿದ್ರೂ ಹೋಗಂಗಿಲ್ಲ. ಇನ್ನೊಂದು ಕೂಸಿಗೆ ಹತ್ತಿದ್ರಷ್ಟ ಬಿಡತೈತಿ.”

ಅವನು ಎದ್ದ. ಬೆರಳು ಸುಟ್ಟುಕೊಂಡು ಕಾರಿನಡಿಯಿಂದ ಗೊಂಬೆಯನ್ನು ಕಿತ್ತು ರಸ್ತೆಯ ನಡುವೆ ಇಟ್ಟ. ದೂರದಲ್ಲಿ ಒಂದು ಟೆಂಪೋ ಬರುತ್ತಿತ್ತು, ತುಂಬ ಮಕ್ಕಳು. ಟೆಂಪೋದ ಹೊಟ್ಟೆ ಎತ್ತರ. ಅದು ನೆನಪಾಗಿ ಅವನು ಕಲ್ಲು ತಂದ. ಕಲ್ಲಿನ ಮೇಲೆ ಕಲ್ಲು ಪೇರಿಸಿ, ಗೊಂಬೆಯನ್ನು ಟೆಂಪೋದ ಹೊಟ್ಟೆಗೆ ತಾಗುವಷ್ಟು ಎತ್ತರಕ್ಕಿಟ್ಟ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತ.

“ಥೂ, ನಿನ್ನ!” ಗಾಳೆಮ್ಮ ಕುಂಟುತ್ತ ರಸ್ತೆಗೆ ಬಂದು ಎರಡೂ ಕೈ ಎತ್ತಿದಳು.

ಟೆಂಪೋ ಪಕ್ಕದ ಕಲ್ಲುಗಳಿಗಿಳಿದು ಹೊಯ್ದಾಡುತ್ತ ದಾಟಿತು. ಮಕ್ಕಳು ತಲೆ ಹೊರಗೆ ಹಾಕಿ, “ಕಾರೂ! ಕಾರೂ!” ಎಂದು ಕೂಗಿ ಕೈ ಬೀಸಿದವು. ಹಿಂದಿನ ಸೀಟಿನಿಂದ ಕೀರ್ತನಾಳೂ ಬಾಯಿ ತೆರೆದು ಕೈ ಬೀಸಿದಳು.