ಎಕ್ಕದ ಹಾಲಿನ ದೂರು

ಎಂಟು ತಿಂಗಳ ಕೂಸು. ಬೆನ್ನ ಹಿಂದೆ ಹಿತ್ತಾಳೆ ಕೊಡ ದಡಾರನೆ ಬಿದ್ದರೂ ತಿರುಗಿ ನೋಡಲಿಲ್ಲ. ಮಗಳಿಗೆ ಕಿವಿ ಕೇಳುವುದಿಲ್ಲವೆಂದು ಎತ್ತಪ್ಪನಿಗೆ ಗೊತ್ತಾಗಿದ್ದು ಅವತ್ತೇ. ಮರುದಿನ ಠಾಣೆಗೆ ಬಂದು ದೂರು ಕೊಟ್ಟ—ಪಕ್ಕದ ಮನೆಯ ಕಾಳಕ್ಕ ಕೂಸಿನ ಕಿವಿಗೆ ಎಕ್ಕದ ಹಾಲು ಬಿಟ್ಟಿದ್ದಾಳೆ!

ಹೆಡ್ ಕಾನ್‌ಸ್ಟೇಬಲ್ ಗುರುರಾಜ್ ಅಂದರೆ ನಾನೇ. ಹಟ್ಟಿಗೆ ಹೋಗಿ ಮುದುಕಿಯನ್ನು ಎಳೆತಂದರೆ ಮುಗಿಯಿತು ಅಂದುಕೊಂಡಿದ್ದೆ. ಎಸ್‌ಐ ರಂಜಿತಾ ಮೇಡಂ ಬಿಡಬೇಕಲ್ಲ! ಮೊದಲು ಕೂಸನ್ನು ಹಿರಿಯೂರಿನ ಡಾಕ್ಟರಿಗೆ ತೋರಿಸಿ, ಆಮೇಲೆ ನನ್ನನ್ನು ಜೀಪು ಹತ್ತಿಸಿದರು.

ದೂರಿನ ಸುದ್ದಿ ಹಬ್ಬಿದ ಮೇಲೆ ಕಾಳಕ್ಕನ ಜೊತೆ ಹಟ್ಟಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಒಂಟಿ ಹೆಂಗಸು. ಜೈಲು ತಪ್ಪಿದರೂ ಹಟ್ಟಿಯಿಂದ ಹೊರಗೆ ಹಾಕುವುದು ಖಂಡಿತ.

“ಕಿವಿಗೆ ಏನು ಬಿಟ್ಟೆಯಮ್ಮ?” ಮೇಡಂ ಅವಳನ್ನು ಕೇಳಿದರು.

“ಹೋದ ತಿಂಗಳು ಒಂದು ಹನಿ ಎಣ್ಣೆ ಬಿಟ್ಟೆ ಕಣವ್ವಾ. ಅಷ್ಟೇಯ.”

“ನೋಡಿದ್ರಾ ಸಾರ್, ಒಪ್ಕಂಡ್ಳು!” ಎತ್ತಪ್ಪ ಕೂಗಿದ.

ಮೇಡಂ ಅವನ ಹೆಂಡತಿ ಕಾಟಮ್ಮನತ್ತ ತಿರುಗಿದರು. “ಹುಟ್ಟಿದಾಗಿನ ಫೋಟೊ ಇದೆಯಾ?”

ಮೊಬೈಲಿನಲ್ಲಿತ್ತು. ಹನ್ನೊಂದನೇ ದಿನದ್ದು. ಮೇಡಂ ಅದನ್ನು ಬಹಳ ಹೊತ್ತು ನೋಡಿದರು.

“ಬಸುರಿಯಾಗಿದ್ದಾಗ ಏನಾದರೂ ಕಾಯಿಲೆ?”

“ಏನೂ ಇಲ್ಲರೀ. ತಾಯಿ ಕಾರ್ಡಿನಾಗೂ ಹಂಗೇ ಬರೆದವ್ರೆ.”

“ಅಮ್ಮ ಬಂದಿದ್ಲಾ?”

“ಹ್ಞೂಂ, ಮೂರನೇ ತಿಂಗಳಾಗೆ. ಮೈಯೆಲ್ಲ ಸಣ್ಣ ಕೆಂಪು ಗುಳ್ಳೆ. ಬೇವಿನ ಸೊಪ್ಪು ಹಾಸಿ ಮಲಗಿಸಿದ್ರು, ಮೂರು ದಿನ ಇದ್ದು ಹೋದ್ಲು. ಅಮ್ಮ ಬರೋದು ಕಾಯಿಲೆ ಅಲ್ಲಲ್ರೀ?”

“ಮನೇಲಿ ಮೊದಲು ಯಾರಿಗೆ ಬಂದಿದ್ದು?”

ಕಾಟಮ್ಮ ಗಂಡನನ್ನು ನೋಡಿದಳು. “ಬಬ್ಬೂರು ಕಡೆ ಕುರಿ ಮೇಯಿಸ್ಕಂಡು ಬಂದಾಗ... ಇವ್ರಿಗೆ.”

ಮೇಡಂ ಫೋಟೊವನ್ನು ಎಲ್ಲರ ಮುಂದೆ ಹಿಡಿದರು. ಫ್ಲಾಶಿನ ಬೆಳಕಿಗೆ ಒಂದು ಕಣ್ಣಿನ ಪಾಪೆ ಕೆಂಪಗೆ, ಇನ್ನೊಂದು ಸುಣ್ಣದಂತೆ ಬೆಳ್ಳಗೆ.

“ಕಾಳಕ್ಕ ಎಣ್ಣೆ ಬಿಟ್ಟಿದ್ದು ಹೋದ ತಿಂಗಳು. ಈ ಕಣ್ಣಿನ ಪೊರೆ ಹನ್ನೊಂದನೇ ದಿನಕ್ಕೇ ಇತ್ತು. ಎಕ್ಕದ ಹಾಲು ಬಿಟ್ಟಿದ್ದರೆ ಕಿವಿಯೊಳಗೆ ಸುಟ್ಟ ಗಾಯ ಇರಬೇಕಿತ್ತು, ಅದೂ ಇಲ್ಲ ಅಂದಿದ್ದಾರೆ ಡಾಕ್ಟರು. ಹೊಟ್ಟೆಯಲ್ಲಿರುವ ಕೂಸಿನ ಕಣ್ಣು, ಕಿವಿ ಎರಡನ್ನೂ ಕೆಡಿಸುವ ಜ್ವರ ಒಂದಿದೆ—ರುಬೆಲ್ಲಾ. ಡಾಕ್ಟರಿಗೂ ಅದೇ ಅನುಮಾನ ಬಂದಿತ್ತು. ನೀವು ಕಾಯಿಲೆಯೇ ಇರಲಿಲ್ಲ ಅಂದಿದ್ದಕ್ಕೆ ಅವರು ಗಟ್ಟಿಯಾಗಿ ಹೇಳಲಿಲ್ಲ! ಅಪರಾಧಿ ಅದೇ ಜ್ವರ. ಯಾರೂ ಬೇಕಂತ ತಂದದ್ದಲ್ಲ.”

“ನಾನೇ ತಂದ್ನಾ?” ಎತ್ತಪ್ಪ ಕುಸಿದು ಕೂತ. ಬೆನ್ನು ಸವರಲು ಹೋದವಳು ಕಾಳಕ್ಕ. “ಅಳಬ್ಯಾಡ ಕಣೋ” ಅಂದಳು. ಇವಳನ್ನು ಎಳೆದೊಯ್ಯಲು ಬಂದಿದ್ದೆನಲ್ಲ! ನನಗೆ ನಾಚಿಕೆಯಾಯಿತು.

ಎತ್ತಪ್ಪ ದೂರು ವಾಪಸು ತೆಗೆದುಕೊಂಡ. ಕಣ್ಣಿಗೆ ಆಪರೇಷನ್ ಮಾಡಿಸಬಹುದು, ಕಿವಿಗೂ ಮಿಷನ್ ಬಂದಿದೆ ಎಂದು ಮೇಡಂ ಧೈರ್ಯ ಹೇಳುತ್ತಿದ್ದರು. ಕಾಟಮ್ಮ ನಡುವೆಯೇ ಕೇಳಿದಳು:

“ಹೊಟ್ಟೆಯಾಗಿದ್ದಾಗ ದಿನಾ ಹಾಡ್ತಿದ್ದೆ ಮೇಡಂ. ಒಂದೂ ಕೇಳಿಸಿಲ್ವಾ ಇದಕ್ಕೆ?”