ರೌಟರಿನ ಬೆನ್ನ ಮೇಲಿನ ವಿಭೂತಿ

ಇಕ್ಬಾಲ್ ಬೇಗಂ ನಮ್ಮ ಹೊಸ್ತಿಲಿಗೆ ಬಂದಾಗ ಅವಳ ಕೈಯಲ್ಲಿ ಮಗನ ಚಪ್ಪಲಿಗಳಿದ್ದವು. ಕಾಲಿಗೆ ಮೆಟ್ಟಿಕೊಳ್ಳುವಷ್ಟೂ ವೇಳೆ ಕೊಡದೆ ಪೊಲೀಸರು ಹಮೀದನನ್ನು ಜೀಪಿಗೆ ಹತ್ತಿಸಿದ್ದರು. ಚಪ್ಪಲಿ ಹಿಡಿದುಕೊಂಡೇ ಜೀಪಿನ ಹಿಂದೆ ಓಡಿ, ಅದು ಕಣ್ಮರೆಯಾದ ಮೇಲೆ ಅವಳು ಕೋಟೆಯ ಕಡೆಯಿಂದ ಬ್ರಹ್ಮಪುರದವರೆಗೆ ಹಾಗೆಯೇ ನಡೆದು ಬಂದಿದ್ದಳು.

"ಅಕ್ಕಾ, ನನ್ನ ಹಮೀದ ಒಂದು ಕೂಸಿನ ಜೀವಾ ತಗೀತೀನಿ ಅಂತ ಬರದಾನಂತ! ನಾಳಿಗಿ ಕೋರ್ಟಿಗಿ ಒಯ್ತಾರಂತ. ಒಮ್ಮೆ ಜೇಲಿನ ಬಾಗಿಲಾ ಹಾಕಿದರ ಯಾರು ತಗೀತಾರ ಅಕ್ಕಾ?"

ಅವಳು ಕೇಳಿದ್ದು ಶಿವಕಾಂತಮ್ಮನನ್ನು. ಜಿಲ್ಲಾ ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತಳಾದ ಈಕೆಯನ್ನು ಓಣಿಯವರೆಲ್ಲ ಕೋರ್ಟಿನ ಅಕ್ಕ ಎಂದೇ ಕರೆಯುತ್ತಿದ್ದರು. ಕಳೆದ ಎಮ್ಮೆಯಿಂದ ಹಿಡಿದು ಕಳೆದ ಗಂಡನವರೆಗೆ ಎಲ್ಲ ತಕರಾರೂ ಮೊದಲು ನಮ್ಮ ಮನೆಗೆ ಬಂದು, ಆಮೇಲೆ ಠಾಣೆಗೆ ಹೋಗುತ್ತಿತ್ತು. ನಾನು ಅವಳ ಜೊತೆಗಿರುವ ಭೀಮಬಾಯಿ. ಚಹಾ ಕಾಸುವುದು, ಸಂಗಡ ಹೋಗುವುದು, ಕಂಡದ್ದನ್ನು ನೆನಪಿಟ್ಟುಕೊಳ್ಳುವುದು ನನ್ನ ಕೆಲಸ.

"ಅಳು ಆಮ್ಯಾಲೆ. ಮೊದಲ ನೀರ ಕುಡಿ," ಎಂದಳು ಅಕ್ಕ. "ಭೀಮವ್ವಾ, ನನ್ನ ಚಷ್ಮಾ ತಾ."

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕಾಶಿರಾಯ ನಮಗೆ ಕುರ್ಚಿ ಹಾಕಿಸಿದರು. ಅಕ್ಕನ ಬಗ್ಗೆ ಅವರಿಗೆ ಗೌರವವಿತ್ತು, ಸ್ವಲ್ಪ ಅಂಜಿಕೆಯೂ ಇತ್ತು. ಮೇಜಿನ ಮೇಲೆ ಒಂದು ಹಾಳೆಯನ್ನು ಸರಿಸಿದರು.

"ಕಮಲಾಪುರದ ಅಣವೀರಪ್ಪ ಅಂತ, ಕೆಂಪು ಬಾಳಿ ತೋಟದಾಂವ. ಹೈದರಾಬಾದಿನ ವ್ಯಾಪಾರಸ್ತರಿಗಿ ಹಣ್ಣ ಕಳಸ್ತಾನ. ಅದಕ್ಕಂತ ಅವನ ಊರಿನ ಫೋನ್ ಬೂತಿನಾಂವ ಅವಂಗೊಂದು ಇ-ಮೇಲ್ ಮಾಡಿಕೊಟ್ಟಾನ, ಬಂದದ್ದನ್ನ ಕಾಗದದ ಮ್ಯಾಲೆ ತಗದು ಕೊಡ್ತಾನ. ಅದಕ್ಕ ಮ್ಯಾಲಿಂದ ಮ್ಯಾಲೆ ಇಂಥಾವು ಬರಾಕತ್ತಾವ. ಇದು ಕಡೀದು."

ನಾನೂ ಓದಿದೆ. ಓದಬಾರದಿತ್ತು.

'ಇವತ್ತು ನಿನ್ನ ಮೊಮ್ಮಗಳು ಹಳದಿ ರಿಬ್ಬನ್ ಕಟ್ಟಿದ್ದಳು. ಒಂದು ಜಡೆಯದು ಬಿಚ್ಚಿತ್ತು. ನಾನೇ ಕಟ್ಟಬೇಕೆಂದಿದ್ದೆ. ತೋಟ ಮಾರಿ ಊರು ಬಿಡು. ಇಲ್ಲದಿದ್ದರೆ ಮುಂದಿನ ಸಲ ಕಟ್ಟುತ್ತೇನೆ. ಜಡೆಗಲ್ಲ.'

"ಇವೆಲ್ಲಾ ಜೇವರ್ಗಿ ಕಾಲೋನಿ ಸಾವಿತ್ರಿಬಾಯಿಯ ರಕ್ತ ತಪಾಸಣಿ ಲ್ಯಾಬಿನ ಲೈನಿನಿಂದ ಹೋಗ್ಯಾವ," ಎಂದರು ಕಾಶಿರಾಯ. "ಅವು ಹೋದಾಗೆಲ್ಲಾ ಲ್ಯಾಬಿಗಿ ಬೀಗ. ಆ ಬಾಯಿ ಡಾಕ್ಟರ್ ಸಂಗಡ ವಾರ್ಡಿನ್ಯಾಗ ಇದ್ದಳು, ಸಾಕ್ಷಿ ಅದ. ಅಂದ್ರ ಹೊರಗ ಕೂತು, ವೈರ್ ಇಲ್ಲದೇ ಬಳಸ್ಯಾರ. ಅದಕ್ಕ ಪಾಸ್‌ವರ್ಡ್ ಬೇಕು. ರೌಟರ್ ಕೂಡಿಸಿದಾಂವ ಹಮೀದ. ಬೀಗ ಹಾಕಿದಾಂವನೇ ಕಳ್ಳ, ಇನ್ನೇನದ?"

ಹಮೀದ ಒಳಗೆ ಗೋಡೆಗೆ ಒರಗಿ ಕೂತಿದ್ದ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ತಾಯಿ ಚಪ್ಪಲಿಯನ್ನು ಸರಳುಗಳ ನಡುವೆ ಒಳಗೆ ಜಾರಿಸಿದಳು. ಅವನು ಮುಟ್ಟಲಿಲ್ಲ.

"ತಮ್ಮಾ, ರೌಟರ್ ಹ್ಯಾಂಗ ಕೂಡಿಸಿದಿ, ನನಗ ತಿಳಿಯೂ ಹಂಗ ಹೇಳು," ಎಂದಳು ಅಕ್ಕ.

ಕೆಲಸದ ಮಾತು ಬಂದೊಡನೆ ಅವನ ದನಿ ಸ್ವಲ್ಪ ಗಟ್ಟಿಯಾಯಿತು. "ಫೋನಿನ ವೈರ್ ರೌಟರಿಗಿ ಬರ್ತದರೀ. ರೌಟರಿಂದ ಮೂರು ಕಂಪ್ಯೂಟರಿಗಿ ಮೂರು ವೈರ್. ಆಮ್ಯಾಲೆ ಫೋನ್ ಇಲಾಖೆಯವರು ಆ ಲೈನಿಗಂತ ಕೊಟ್ಟ ಒಂದು ಹೆಸರು, ಒಂದು ಪಾಸ್‌ವರ್ಡ್ ರೌಟರಿನ ಹೊಟ್ಟಿಗಿ ತುಂಬಬೇಕು. ಅದನ್ನ ತುಂಬದಿದ್ದರ ನೆಟ್ ಬರಂಗಿಲ್ಲ. ವೈರ್ ಇಲ್ಲದೇ ಬಳಸೋರಿಗಿ ಬ್ಯಾರೇ ಪಾಸ್‌ವರ್ಡ್. ಅದು ನಾ ಇಟ್ಟದ್ದು. ನನಗ, ಬಾಯಾರಿಗಿ, ಇಬ್ಬರಿಗೇ ಗೊತ್ತು."

"ಹಂಗ ಅಂದು ನೀನೇ ಸಿಕ್ಕಬಿದ್ದಿ," ಎಂದರು ಕಾಶಿರಾಯ.

"ಖರೇ ಹೇಳಬ್ಯಾಡೇನ್ರೀ ಸಾಹೇಬ?"

ಜೇವರ್ಗಿ ಕಾಲೋನಿಗೆ ಹೋದಾಗ ಸಾವಿತ್ರಿಬಾಯಿ ಲ್ಯಾಬಿನ ಶಟರನ್ನು ಅರ್ಧ ಮಾತ್ರ ಎತ್ತಿದ್ದಳು. ಬಂದವರ ಕಾಲು ನೋಡಿ, ಆಮೇಲೆ ಒಳಗೆ ಕರೆದಳು. ಕಮಲಾಪುರದ ರೋಗಿಗಳು ರಿಪೋರ್ಟಿಗಾಗಿ ಬಸ್ಸು ಹತ್ತಿ ಬರುವುದು ತಪ್ಪಲಿ, ಅಲ್ಲಿಯ ಡಾಕ್ಟರಿಗೆ ಮೇಲ್‌ನಲ್ಲಿ ಕಳಿಸೋಣ ಎಂದು ಅವಳು ನೆಟ್ ಹಾಕಿಸಿದ್ದಳು. "ಪುಣ್ಯಾ ಮಾಡಾಕ ಹೋಗಿ ಪೊಲೀಸರನ್ನ ಕರಕೊಂಡೆ," ಎಂದು ಹಣೆ ಚಚ್ಚಿಕೊಂಡಳು.

ರೌಟರ್ ಗೋಡೆಯ ಹಲಗೆಯ ಮೇಲಿತ್ತು. ಕೋಣೆಯ ಫ್ರಿಜ್ಜು, ಸೂಕ್ಷ್ಮದರ್ಶಕ, ಕಂಪ್ಯೂಟರುಗಳು ಎಲ್ಲದಕ್ಕೂ ವಿಭೂತಿಯ ಮೂರು ಗೆರೆಗಳಿದ್ದವು. ರೌಟರಿನ ಮುಖ ಮಾತ್ರ ಬೋಳಾಗಿತ್ತು.

"ಇದಕ್ಕ ಪೂಜಾ ಮಾಡಲಿಲ್ಲೇನವ್ವಾ?" ಎಂದಳು ಅಕ್ಕ.

"ಮಾಡಲಾರದ ಬಿಡ್ತೀನೇನ್ರೀ? ನೆಟ್ ಚಾಲೂ ಆದ ಕೂಡಲೇ ವಿಭೂತಿ ಕಲಸಿದೆ. ಹಮೀದ ಒದರಿದ, 'ಬಾಯಾರ, ಮುಂದ ದೀಪ ಅದಾವ, ಮುಚ್ಚತಾವ, ಹಿಂದ ಹಚ್ಚರಿ' ಅಂತ. ಬೆನ್ನಿಗಿ ಹಚ್ಚೀನಿ."

ಅಕ್ಕ ರೌಟರನ್ನು ಹಿಂದುಮುಂದಾಗಿ ತಿರುಗಿಸಿದಳು. ವಿಭೂತಿ ಸುಣ್ಣದಂತೆ ಗಟ್ಟಿಯಾಗಿ ಒಣಗಿತ್ತು. ಕೆಳಗಿನ ಗೆರೆಯಲ್ಲಿ ಸಾಸಿವೆಯಷ್ಟು ದೊಡ್ಡ ಒಂದು ಕರಿ ತೂತು. ಅಕ್ಕ ಅದನ್ನು ನೋಡಿದಳು. ಎದ್ದು ಹೋಗಿ ಸೂಕ್ಷ್ಮದರ್ಶಕದ ಮೇಲಿನ ವಿಭೂತಿಯನ್ನು ನೋಡಿದಳು. ಅಲ್ಲಿ ಸ್ಕ್ರೂ ತೂತುಗಳೆಲ್ಲ ವಿಭೂತಿಯಿಂದ ತುಂಬಿ ಮುಚ್ಚಿಹೋಗಿದ್ದವು. ನನಗೆ ಇದರಲ್ಲಿ ಏನೂ ತಿಳಿಯಲಿಲ್ಲ.

"ಹಮೀದ ಹೋದ ಮ್ಯಾಲೆ ನೆಟ್ ಎಂದಾದರೂ ನಿಂತಿತ್ತೇನು? ಯಾರನ್ನಾದರೂ ರಿಪೇರಿಗಿ ಕರಸಿದ್ದೇನು?"

"ಒಂದ ದಿನಾನೂ ಇಲ್ಲ."

"ಕೀಲಿ ಯಾರ ಹತ್ತಿರ ಅದ?"

"ನನ್ನ ಹತ್ತಿರ. ಇನ್ನೊಂದು ಮ್ಯಾಲಿನ ದತ್ತಪ್ಪ ಅವರ ಹತ್ತಿರ. ಮನೀ ಮಾಲಕರು. ನೀರಿನ ಮೋಟರಿನ ಬಟನ್ ಇಲ್ಲೇ ಒಳಗ ಅದ, ನಳ ಬಂದಾಗ ಅವರೇ ಬಂದು ಚಾಲೂ ಮಾಡ್ತಾರ. ಮೊದಲ ಇಲ್ಲಿ ಅವರದೇ ಕಂಪ್ಯೂಟರ್ ಕ್ಲಾಸ್ ಇತ್ತು. ಫೋನೂ ಅವರ ಹೆಸರಿಲೇ ಅದ. ಇರಲಿ ಬಿಡಮ್ಮ, ಬದಲು ಮಾಡಸಾಕ ಯಾಕ ಅಡ್ಡಾಡತಿ ಅಂದರು."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸಪ್ಪಳವಾಯಿತು. ಬಿಳಿ ಅಂಗಿಯ, ನಗುಮುಖದ ದತ್ತಪ್ಪ ಇಳಿದು ಬಂದರು. "ಕೋರ್ಟಿನ ಅಕ್ಕನವರು! ನಮ್ಮ ಮನಿಗಿ ಬಂದು ಚಹಾ ಕುಡೀದೆ ಹೋದರ ನಾ ಕೇಸ್ ಹಾಕ್ತೀನಿ ಮತ್ತ." ನಮ್ಮನ್ನು ಮೇಲೆ ಕರೆದೊಯ್ದರು.

ಪಡಸಾಲೆಯಲ್ಲಿ ಕೆಂಪು ಬಾಳೆಯ ಇಡೀ ಗೊನೆಯೊಂದು ತೂಗುತ್ತಿತ್ತು. ಅದರ ಕಾಂಡ ನನ್ನ ಸೆರಗಿಗೆ ತಾಗಿ, ಅಂಟಂಟಾದ ಹಾಲು ಮೆತ್ತಿಕೊಂಡಿತು.

"ಕೆಂಪು ಬಾಳಿ ಎಲ್ಲಿಂದ ತಂದಿರೀ? ಕಮಲಾಪುರಕ್ಕ ಹೋಗಿದ್ದಿರೇನು?" ಎಂದಳು ಅಕ್ಕ.

"ದಸರಾ ಆದ ಮ್ಯಾಲೆ ಆ ಕಡಿ ಮುಖಾ ಹಾಕಿಲ್ಲರೀ. ಇದು ಪ್ಯಾಟಿದು."

"ಕಂಪ್ಯೂಟರ್ ಕ್ಲಾಸ್ ಯಾಕ ಬಿಟ್ಟಿರಿ?"

"ಆ ಕಾಲ ಮುಗೀತು. ಈಗ ನನಗ ಮೌಸ್ ಹಿಡಿಯಾಕೂ ಬರಂಗಿಲ್ಲ." ನಕ್ಕರು. ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದರು: "ಕಾಲ ಕೆಟ್ಟದ ಅಕ್ಕಾರ. ಬ್ರಹ್ಮಪುರದಾಗ ಮುದುಕ್ಯಾರು ಇಬ್ಬರೇ ಇರ್ತೀರಿ. ಹಿಂದಿನ ಬಾಗಿಲದ ಚಿಲಕಾ ಸಡಿಲದ ಅಂತ ಕೇಳೀನಿ. ಗಟ್ಟಿ ಮಾಡಿಸಿಕೊಳ್ಳರಿ."

ನಮ್ಮ ಹಿಂದಿನ ಬಾಗಿಲಿನ ಚಿಲಕ ನಿಜವಾಗಿಯೂ ಸಡಿಲವಿತ್ತು. ಅದನ್ನು ಅವರಿಗೆ ಯಾರು ಹೇಳಿದರೋ! ಮೆಟ್ಟಿಲು ಇಳಿಯುವಾಗ ನಾನು ಅಕ್ಕನ ತೋಳು ಹಿಡಿದುಕೊಂಡೆ.

ಅಲ್ಲಿಂದ ಕಮಲಾಪುರದ ಬಸ್ಸು ಹಿಡಿದೆವು. ಹಗಲು ಹೊತ್ತಿನಲ್ಲೇ ಅಣವೀರಪ್ಪ ಬಾಗಿಲು ಹಾಕಿಕೊಂಡಿದ್ದ. ತೆರೆದಾಗ ಅವನ ಕೈಯಲ್ಲಿ ಕುಡುಗೋಲಿತ್ತು. ಮೊಮ್ಮಗಳು ಪುತಳಿ ಹೊರಸಿನ ಕೆಳಗೆ ಅವಿತುಕೊಂಡಿದ್ದಳು. ಅಕ್ಕ ಬಾಗಿ ಕರೆದಾಗ ತಲೆ ಹೊರಗೆ ಹಾಕಿದಳು. ಜಡೆಗಳೇ ಇರಲಿಲ್ಲ. ಕೂದಲು ಮೊಂಡಮೊಂಡಾಗಿ ಕತ್ತರಿಸಿದಂತಿತ್ತು.

"ನಾನೇ ಕತ್ತರಿಸಿದೆರೀ," ಎಂದ ಅಣವೀರಪ್ಪ. "ಜಡೀನೇ ಇರದಿದ್ದರ ಅಂವ ಏನು ಕಟ್ಟತಾನ?" ಆ ದೊಡ್ಡ ಮನುಷ್ಯ ಕುಡುಗೋಲು ಹಿಡಿದೇ ಅತ್ತ.

"ಹಳದಿ ರಿಬ್ಬನ್ ಯಾವತ್ತ ಕಟ್ಟಿದ್ದಳು?"

"ಅದೊಂದೇ ದಿನಾರೀ. ಮನಿಯಿಂದ ಕೆಂಪು ಕಟಗೊಂಡು ಹೋಗಿದ್ದಳು. ಸಾಲ್ಯಾಗ ಹಾಡಾ ಇತ್ತಂತ, ಅಲ್ಲಿ ಕಲಿಸೂ ಬಾಯಾರು ಹಳದಿ ಕಟ್ಟಿ ಕಳಿಸಿದರು. ಸಂಜಿಗಿ ಕಾಗದ ಬಂತು."

"ಅವತ್ತ ಸಾಲಿಯಿಂದ ಒಬ್ಬಾಕೀನೇ ಬಂದಳೇನು?"

"ಇಲ್ಲ, ನಮ್ಮ ನೆರೀ ತೋಟದ ದತ್ತಪ್ಪ ಅವರು ಕೈ ಹಿಡಕೊಂಡು ಮನೀ ಮುಟ್ಟಿಸಿದರು. ದೇವರಂಥಾ ಮನಷಾ. ಬಾವಿ ನನ್ನ ತೋಟದಾಗ ಅದ, ಅವರಿಗಿ ನೀರಿಲ್ಲ, ಆದರೂ ಒಂದ ಮಾತ ಜಗಳಿಲ್ಲ. ಇವತ್ತ ಮುಂಜಾನೆನೂ ಗೊನಿ ಕಡಿಸಿಕೊಂಡು ಹೋಗೂವಾಗ ಅಂದರು, 'ಅಣವೀರಪ್ಪಾ, ಅಷ್ಟ ಅಂಜಿಕಿ ಆದರ ತೋಟ ನನಗ ಬರಕೊಡು, ಕೂಸಿನ ಜೀವಕಿಂತ ಹೆಚ್ಚಿಂದೇನದ' ಅಂತ. ನಾಳಿಗಿ ಸಹಿ ಮಾಡಿಬಿಡ್ತೀನಿರೀ."

"ನಾಳಿಗಿ ಸಹಿ ಬ್ಯಾಡ. ಕೂಸಿನ್ನ ಕರಕೊಂಡು ಸಾವಿತ್ರಿಬಾಯಿ ಲ್ಯಾಬಿಗಿ ಬಾ," ಎಂದಳು ಅಕ್ಕ.

ಮರಳುವಾಗ ಠಾಣೆಗೆ ಹೋಗಿ ಅವಳು ಹಮೀದನಿಗೆ ಒಂದೇ ಪ್ರಶ್ನೆ ಕೇಳಿದಳು: "ರೌಟರಿನ ಬೆನ್ನಿಗಿರೋ ಆ ಸಣ್ಣ ತೂತು ಯಾತಕ್ಕ?"

"ರೀಸೆಟ್ ರೀ. ಪಿನ್ನು ಚುಚ್ಚಿ ಒತ್ತಿದರ ರೌಟರ್ ಎಲ್ಲಾ ಮರೀತದ. ನಾ ಇಟ್ಟ ಪಾಸ್‌ವರ್ಡೂ ಹೋಗ್ತದ, ಇಲಾಖೆಯವರು ಕೊಟ್ಟದ್ದೂ ಹೋಗ್ತದ. ಹೊಸದಾಗಿ ತುಂಬಬೇಕು."

ಮರುದಿನ ಕೋರ್ಟು ತೆರೆಯುವ ಮೊದಲೇ ಎಲ್ಲರೂ ಲ್ಯಾಬಿನಲ್ಲಿ ಕೂಡಿದರು. ಕಾಶಿರಾಯ, ಸಾವಿತ್ರಿಬಾಯಿ, ಇಕ್ಬಾಲ್ ಬೇಗಂ, ಮೊಮ್ಮಗಳನ್ನು ಎದೆಗವಚಿಕೊಂಡ ಅಣವೀರಪ್ಪ. ದತ್ತಪ್ಪ ಎಲ್ಲರಿಗೂ ಚಹಾ ಹೇಳಿ ಕುರ್ಚಿ ಎಳೆದುಕೊಂಡರು.

ಅಕ್ಕ ರೌಟರನ್ನು ವೈರುಗಳ ಸಮೇತ ಮಡಿಲಲ್ಲಿಟ್ಟುಕೊಂಡಳು. "ಸಾವಿತ್ರಿ, ವಿಭೂತಿ ಹಚ್ಚೂವಾಗ ಈ ತೂತು ಬಿಟ್ಟು ಹಚ್ಚಿದೇನು?"

"ಮೂರು ಬೆರಳಿಲೆ ಎಳೀತೀವಿ ಅಕ್ಕಾ, ತೂತು ಯಾರು ನೋಡ್ತಾರ?"

"ಅಂದ್ರ ವಿಭೂತಿ ಇದನ್ನ ಮುಚ್ಚಿತ್ತು. ಅಲ್ಲಿ ನೋಡರಿ, ಆ ಸೂಕ್ಷ್ಮದರ್ಶಕದ ತೂತೆಲ್ಲಾ ಮುಚ್ಚ್ಯಾವ. ಇದೊಂದು ತೆರದದ. ಒಣಗಿದ ಮ್ಯಾಲೆ ಯಾರೋ ಪಿನ್ನ ಚುಚ್ಚಿ ರೀಸೆಟ್ ಒತ್ತ್ಯಾರ. ಯಾರು? ಹಮೀದಗ ಪಾಸ್‌ವರ್ಡ್ ಗೊತ್ತದ, ಸಾವಿತ್ರಿಗೂ ಗೊತ್ತದ. ಕೀಲಿ ಇದ್ದಾಂವ ಗ್ವಾಡಿಗಿ ಕನ್ನಾ ಹಾಕ್ತಾನೇನು ಕಾಶಿರಾಯಾ?"

ಇನ್‌ಸ್ಪೆಕ್ಟರ್ ಬಗ್ಗಿ ಆ ತೂತನ್ನು ನೋಡಿದರು.

"ಒತ್ತಿದ ಕೂಡಲೇ ನೆಟ್ ಸಾಯಬೇಕಿತ್ತು. ಸಾಯಲಿಲ್ಲ. ಸಾವಿತ್ರಿ ಯಾರನ್ನೂ ಕರಸಲಿಲ್ಲ. ಅಂದ್ರ ಒತ್ತಿದಾಂವನೇ ಇಲಾಖೆಯವರು ಕೊಟ್ಟ ಹೆಸರು, ಪಾಸ್‌ವರ್ಡ್ ತಿರುಗಿ ತುಂಬ್ಯಾನ. ವೈರ್ ಇಲ್ಲದೇ ಬಳಸೂದಕ್ಕ ಮಾತ್ರ ಪಾಸ್‌ವರ್ಡ್ ಇಡದೇ ಬಯಲಿಗಿ ಬಿಟ್ಟಾನ. ಕೆಳಗಿನ ಕಂಪ್ಯೂಟರಿಗಿ ವೈರ್ ಅದಾವ, ಹಿಂಗಾಗಿ ಸಾವಿತ್ರಿಗಿ ಗೊತ್ತಾಗಲಿಲ್ಲ. ಇಲಾಖೆಯವರು ಅದನ್ನ ಯಾರಿಗಿ ಹೇಳಿದ್ದರವ್ವಾ?"

ಸಾವಿತ್ರಿಬಾಯಿ ದತ್ತಪ್ಪನ ಕಡೆ ತಿರುಗಿದಳು. "ಫೋನ್ ಯಾರ ಹೆಸರಿಲೆ ಅದನೋ ಅವರಿಗೇ ಹೇಳ್ತೀವಿ ಅಂದರು. ದತ್ತಪ್ಪ ಅವರೇ ಕೇಳಿಕೊಂಡು ನನಗ ಹೇಳಿದರು."

"ಬೀಗದ ಒಳಗ ಬರೂ ಕೀಲಿನೂ ಅವರದೇ. ಮೋಟರ್ ಚಾಲೂ ಮಾಡಾಕ ಬಂದಾಂವನ್ನ ಯಾರು ಕೇಳ್ತಾರ?"

ದತ್ತಪ್ಪ ನಕ್ಕರು. "ಅಕ್ಕಾರ, ಬಯಲಿಗಿ ಬಿಟ್ಟದ್ದನ್ನ ಇಡೀ ಕಾಲೋನಿ ಬಳಸಬಹುದು."

"ಬಳಸಬಹುದು. ಆದರ ಅವತ್ತ ಕಮಲಾಪುರದಾಗ ಹಳದಿ ರಿಬ್ಬನ್ನು ನೋಡಿ, ಸಂಜಿಗಿ ಈ ಮನಿಗಿ ತಿರುಗಿ ಬಂದಾಂವ ಕಾಲೋನ್ಯಾಗ ಯಾರದಾರ? ದಸರಾ ಆದ ಮ್ಯಾಲೆ ಆ ಕಡಿ ಹೋಗಿಲ್ಲ ಅಂದಿರಿ. ನಿನ್ನಿ ನಿಮ್ಮ ಗೊನಿಯ ಹಾಲು ಭೀಮವ್ವನ ಸೆರಗಿಗಿ ಹತ್ತೇದ. ಪ್ಯಾಟಿ ಗೊನಿ ಗಾಡಿ ಇಳಿಯೂದರಾಗ ಹಾಲು ಒಣಗಿರ್ತದ."

ಅಣವೀರಪ್ಪ ನಿಧಾನವಾಗಿ ತಲೆ ಎತ್ತಿದ. "ನೀವು... ನನ್ನ ಕೂಸಿನ ಕೈ ಹಿಡಕೊಂಡು ಮನಿಗಿ ತಂದವರು!"

"ಕೈ ಹಿಡಿದಾಗಲೇ ರಿಬ್ಬನ್ ಬಿಚ್ಚಿದ್ದು ಕಂಡದ," ಎಂದಳು ಅಕ್ಕ. "ಬಾವಿ ಬೇಕಿತ್ತು. ಅಂಜಿಕಿ ಹುಟ್ಟಿಸಿದರ ತೋಟ ತಾನೇ ಬರ್ತದ, ಸಿಕ್ಕಬಿದ್ದರ ಕೆಳಗಿನ ಬಾಡಿಗಿಯವರ ಹೆಸರು, ಇಲ್ಲಾ ರೌಟರ್ ಕೂಡಿಸಿದ ಹುಡುಗನ ಹೆಸರು. ಕಾಶಿರಾಯಾ, ಮೌಸ್ ಹಿಡಿಯಾಕ ಬರದಾಂವನ ಮನ್ಯಾಗ ಲ್ಯಾಪ್‌ಟಾಪ್ ಹುಡುಕು."

ದತ್ತಪ್ಪ ಮೆಟ್ಟಿಲಿಗೆ ಅಡ್ಡ ನಿಂತರು. ಕಾನ್‌ಸ್ಟೇಬಲ್ ಅವರನ್ನು ಸರಿಸಿದ. ಅಕ್ಕಿಯ ಡಬ್ಬಿಯ ಹಿಂದೆ, ಸೀರೆಯಲ್ಲಿ ಸುತ್ತಿದ ಲ್ಯಾಪ್‌ಟಾಪ್ ಸಿಕ್ಕಿತು. ಕೆಳಗೆ ತಂದು ಚಾಲೂ ಮಾಡಿದರೆ, ಅದು ಯಾರನ್ನೂ ಏನನ್ನೂ ಕೇಳದೆ, ಗುರುತಿನ ದನ ಕೊಟ್ಟಿಗೆಗೆ ಹೊಕ್ಕಂತೆ ತಾನಾಗಿಯೇ ಲ್ಯಾಬಿನ ನೆಟ್ಟಿಗೆ ಸೇರಿಕೊಂಡಿತು. ಕಳಿಸಿದ ಮೇಲ್‌ಗಳೆಲ್ಲ ಅದರಲ್ಲಿದ್ದವು. ಕಳಿಸದೆ ಬರೆದಿಟ್ಟದ್ದೂ ಒಂದಿತ್ತು. ಕಾಶಿರಾಯ ಅದನ್ನು ಮನಸ್ಸಿನಲ್ಲೇ ಓದಿಕೊಂಡು ಪರದೆಯನ್ನು ಮುಚ್ಚಿಬಿಟ್ಟರು. ಅದರಲ್ಲಿ ಏನಿತ್ತೆಂದು ನಾನು ಇಂದಿಗೂ ಕೇಳಿಲ್ಲ.

ಪುತಳಿ ಮಾತ್ರ ಅಜ್ಜನ ಹೆಗಲಿನಿಂದ ದತ್ತಪ್ಪನನ್ನೇ ನೋಡುತ್ತಿದ್ದಳು. "ಮಾಮಾ ನನಗ ಚಾಕಲೇಟ್ ಕೊಟ್ಟಿದ್ದ," ಎಂದಳು. ಅಣವೀರಪ್ಪ ಅವಳ ಮುಖವನ್ನು ತನ್ನ ಹೆಗಲಿಗೆ ಒತ್ತಿಕೊಂಡ.

ಠಾಣೆಗೆ ಹೋಗಿ ಕಾಶಿರಾಯ ತಾವೇ ಬಾಗಿಲು ತೆರೆದರು. "ಹಮೀದ, ನಿಂದೇನೂ ತಪ್ಪಿಲ್ಲ. ಮನಿಗಿ ಹೋಗು."

ಹಮೀದ ತೆರೆದ ಬಾಗಿಲನ್ನು ನೋಡಿದ. ಏಳಲಿಲ್ಲ.

"ಖರೇನೇ ಹೇಳಾಕತ್ತೀನೋ. ಹೋಗು."

"ಹೊರಗ ಯಾರ ನಿಂತಾರ್ರೀ?" ಎಂದ, ಪಿಸುದನಿಯಲ್ಲಿ.

ಇಕ್ಬಾಲ್ ಬೇಗಂ ಇನ್‌ಸ್ಪೆಕ್ಟರರನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು. ಮಗನ ಪಕ್ಕದಲ್ಲಿ, ಅದೇ ನೆಲದ ಮೇಲೆ ಕುಳಿತಳು.

"ಹೊರಗ ಯಾರೂ ಇಲ್ಲ ಬೇಟಾ," ಎಂದಳು. "ನಾ ಇಲ್ಲೇ ಇದ್ದೀನಿ. ನಿನಗ ಏಳಬೇಕು ಅನಿಸಿದಾಗ ಹೇಳು, ಇಬ್ಬರೂ ಕೂಡೇ ಏಳೋಣ."