ಹಿಮದ ಮೇಲೆ ನಿಂತ ಸಾಲು

"ಏನ್ರೀ, ಸಾಯಾಕಂತ ಬಂದೀರೇನು ಇಲ್ಲಿ?"

ರೋಶೆಲ್ ಬೆಚ್ಚಿಬಿದ್ದು ತಿರುಗಿದಳು. ಸಲ್ಮಾಬಾದಿನ ಕೋಲ್ಡ್ ಸ್ಟೋರೇಜಿನ ಬಾಗಿಲಲ್ಲಿ, ದಪ್ಪ ಜಾಕೆಟ್ಟು ತೊಟ್ಟ ಯುವಕನೊಬ್ಬ ಸಿಡಿಮಿಡಿಗುಟ್ಟುತ್ತ ನಿಂತಿದ್ದ. ಅವಳ ಮೈಮೇಲೆ ಇದ್ದದ್ದು ತೆಳ್ಳನೆಯ ಹತ್ತಿ ಕುರ್ತಾ. ಹೊರಗೆ ಬಹರೇನಿನ ಉರಿಬಿಸಿಲು. ಒಳಗೆ ಕೋಳಿ, ಮೀನೆಲ್ಲ ಕಲ್ಲಾಗಿ ಕೂತಿರುವ ಚಳಿ!

"ಐದು ನಿಮಿಷ ನಿಂತು ನೋಡುವ ಅಂತ ಬಂದದ್ದು ಮಾರಾಯ್ರೆ..." ಎನ್ನುವಷ್ಟರಲ್ಲಿ ಅವಳ ಹಲ್ಲು ಕಟಕಟ ಎಂದಿತು.

ಅವನು ತನ್ನ ಜಾಕೆಟ್ಟು ಬಿಚ್ಚಿ ಅವಳಿಗೆ ಹೊದಿಸಿ ಹೊರಗೆ ಕರೆತಂದ. ಬೈದವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೇನೋ. ಅದೇನೆಂದು ಆ ಹೊತ್ತಿಗೆ ಅವಳಿಗೂ ತಿಳಿಯಲಿಲ್ಲ.

ರೋಶೆಲ್ ಉಡುಪಿ ಕಡೆಯ ಶಿರ್ವದ ಹುಡುಗಿ. ಬಹರೇನಿನ ಗುಫೂಲಿನಲ್ಲಿ ಸಣ್ಣದೊಂದು ಟ್ರಾವೆಲ್ ಆಫೀಸಿನಲ್ಲಿ ಕೆಲಸ. ಬಹರೇನಿನ ಕೆಲವು ಕುಟುಂಬಗಳನ್ನು ಗ್ರೀನ್‌ಲ್ಯಾಂಡಿಗೆ ಕರೆದೊಯ್ದು, ಅಲ್ಲಿಯ ಗೈಡ್ ಜೊತೆ ಒಂದಿಡೀ ದಿನ ಹಿಮದ ಹಾಸಿನ ಮೇಲೆ ನಡೆಸಿಕೊಂಡು ಬರುವ ಜವಾಬ್ದಾರಿ ಅವಳ ತಲೆಗೆ ಬಂದಿತ್ತು. ಮೀನಿನ ಪೆಟ್ಟಿಗೆಯ ಐಸ್ ಬಿಟ್ಟರೆ ಬೇರೆ ಹಿಮ ಕಂಡವಳಲ್ಲ! ಹೊರಡುವ ಮೊದಲು ಎಲ್ಲರಿಗೂ ಚಳಿಯ ಅಭ್ಯಾಸ ಮಾಡಿಸಬೇಕೆಂದು ಈ ಗೋದಾಮನ್ನು ಹುಡುಕಿಕೊಂಡು ಬಂದಿದ್ದಳು.

ಬೈದವನು ಅಮೋಘ. ಹುಬ್ಬಳ್ಳಿಯವನು, ಈ ಗೋದಾಮಿನ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರು. ಗೋದಾಮಿನ ಯಜಮಾನ ಯೂಸುಫ್ ಕೂಡ ಆ ಪ್ರವಾಸಕ್ಕೆ ಹೊರಟವರೇ. ಜೀವಮಾನವಿಡೀ ಯಂತ್ರದಿಂದ ಚಳಿ ಮಾಡಿದ ಆ ಮುದುಕರಿಗೆ, ಯಾರೂ ಮಾಡದ ಹಿಮದ ಮೇಲೆ ಒಮ್ಮೆ ಕಾಲಿಡುವ ಆಸೆ. ಮಂಡಿನೋವು ಬೇರೆ, ಹಾಗಾಗಿ ಅಮೋಘನೂ ಜೊತೆಗೆ ಬರಬೇಕೆಂದು ಹಟ ಹಿಡಿದಿದ್ದರು.

ಅಂತೂ ಪ್ರತಿ ಶುಕ್ರವಾರ ಅಭ್ಯಾಸ ಶುರುವಾಯಿತು. ಅಮೋಘ ನೆಲಕ್ಕೆ ನೀರು ಹಾಯಿಸಿ ಹೆಪ್ಪುಗಟ್ಟಿಸುತ್ತಿದ್ದ. ಬೂಟಿಗೆ ಕಬ್ಬಿಣದ ಮುಳ್ಳುಪಟ್ಟಿ ಕಟ್ಟಿಕೊಂಡು ಎಲ್ಲರೂ ಅದರ ಮೇಲೆ ನಡೆಯುತ್ತಿದ್ದರು. ಸೂಪರ್‌ವೈಸರ್ ಜೊಕಿಮ್ ಅಂಕಲ್ ಮೂಲೆಯಲ್ಲಿ ನಿಂತು ನಗುತ್ತಿದ್ದರು. ಅವರೂ ಶಿರ್ವದವರೇ. ರೋಶೆಲ್ ಜಾರಿದಾಗಲೆಲ್ಲ ಹಿಡಿಯಲು ಅಮೋಘನೇ ಹತ್ತಿರವಿರುತ್ತಿದ್ದ, ಹೇಗೋ!

ಬೆಳಿಗ್ಗೆ ಇಗರ್ಜಿಯಲ್ಲಿ ಬಲಿಪೂಜೆಗೆ ಕೂತರೂ ಅವಳ ಮನಸ್ಸು ನಿಲ್ಲದಾಯಿತು. ತಾನಿದ್ದ ಸೆಗಯಾದ ಫ್ಲ್ಯಾಟಿನಲ್ಲಿ ಒಲೆಯ ಮೇಲಿಟ್ಟ ಚಹಾ ಉಕ್ಕಿ ಹೋಗುತ್ತಿತ್ತು. ಫೋನು ಸದ್ದಾದರೆ ಓಡಿ ಹೋಗಿ ನೋಡುತ್ತಿದ್ದಳು. ಅವನದಲ್ಲದಿದ್ದರೆ ಮುಖ ಬಾಡುತ್ತಿತ್ತು.

'ನನಗೆ ಎಂತ ಆಗಿದೆ? ಅವರು ಹಿಂದೂ, ನಾವು ಕ್ರಿಶ್ಚಿಯನ್. ಮಮ್ಮಿಗೆ ಗೊತ್ತಾದರೆ...' ಎಂದು ತನ್ನನ್ನೇ ಬೈದುಕೊಂಡಳು. ಬೈಗುಳ ಕೇಳಿ ಪ್ರೀತಿ ವಾಪಸು ಹೋಗುತ್ತದೆಯೇ?

ಹೊರಡುವ ದಿನ ಹತ್ತಿರವಾದಾಗ ಅಮೋಘ ಕೇಳಿದ. "ನಾಳಿ ಸಂಜಿಗೆ ಗೋಲ್ಡ್ ಸೂಕಿಗೆ ಬರ್ತೀರೇನ್ರಿ? ಬಳಿ ತಗೋಬೇಕು. ನಿಮ್ಮ ಕೈ ಅಳತಿ ಬೇಕಾಗಿತ್ತು."

"ಯಾರಿಗೆ?"

"ಒಂದು ಹುಡುಗಿಗೆ. ಆಕೀದೂ ನಿಮ್ಮಂಥಾ ಕೈನ."

ಹೋಗಬಾರದಿತ್ತು. ಹೋದಳು. ಚಿನ್ನದ ಪೇಟೆಯ ಅಂಗಡಿಯವನು ಅವಳ ಕೈಗೆ ಬಳೆ ಏರಿಸಿದ. ಅಮೋಘ ಆ ಕೈಯನ್ನೇ ನೋಡುತ್ತ ಮೈಮರೆತು ನಿಂತಿದ್ದ. ಅವನ ಕಣ್ಣಿಗೆ ಈಗ ಆ ಇನ್ನೊಬ್ಬ ಹುಡುಗಿಯೇ ಕಾಣುತ್ತಿರಬೇಕು ಎಂದುಕೊಂಡಳು ರೋಶೆಲ್. ಬಳೆ ಕಳಚಿ ಮೇಜಿನ ಮೇಲಿಟ್ಟಳು.

ಪ್ರವಾಸ ಮುಗಿದ ಕೂಡಲೇ ಅವನು ಊರಿಗೆ ಹೋಗುವವನಿದ್ದ. ಗಲ್ಫಿನಲ್ಲಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮದುವೆಯಾಗದ ಗಂಡು ಇದ್ದಕ್ಕಿದ್ದಂತೆ ರಜೆ ಹಾಕಿ, ಹೊಸ ಸೂಟ್‌ಕೇಸು ಕೊಂಡು, ಬಂಗಾರವನ್ನೂ ಕೊಂಡನೆಂದರೆ ಮುಗಿಯಿತು. ಅವನಿಗೆ ಮದುವೆ! ಗೋದಾಮಿನವರೆಲ್ಲ ಅವನ ಬೆನ್ನು ತಟ್ಟಿ ಸಿಹಿ ಕೇಳಿದರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸುಮ್ಮನೆ ನಕ್ಕ.

ರೋಶೆಲ್ ಕೂಡ ಕಂಗ್ರಾಜುಲೇಷನ್ಸ್ ಎಂದಳು, ಬಹಳ ಅಚ್ಚುಕಟ್ಟಾಗಿ. ಅವನ ಮುಖ ಕಪ್ಪಿಟ್ಟಿತು. 'ಇಷ್ಟ ಸಲೀಸಾಗಿ ಹೇಳಿಬಿಟ್ಟಳಲ್ಲ' ಎಂದು ಅವನ ಜೀವ ಹಿಂಡಿದ್ದನ್ನು ಅವಳು ಹೇಗೆ ತಿಳಿದಾಳು? ಅವಳು ಆಗಲೇ ತಿರುಗಿ ಹೊರಟಿದ್ದಳು.

ಗ್ರೀನ್‌ಲ್ಯಾಂಡ್ ಮುಟ್ಟುವ ತನಕ ವಿಮಾನದಲ್ಲಿ ಅವಳು ಮುಂದೆ, ಅವನು ಹಿಂದೆ. ನಿದ್ದೆ ಇಬ್ಬರಿಗೂ ಇಲ್ಲ.

ಮರುದಿನ ದೊಡ್ಡ ಚಕ್ರದ ಬಸ್ಸು ಅವರನ್ನು ಹಿಮದ ಅಂಚಿಗೆ ತಂದಿಳಿಸಿತು. ಅಬ್ಬಾ! ಕಣ್ಣು ಹಾಯುವಷ್ಟು ದೂರವೂ ಬಿಳುಪು. ಮರವಿಲ್ಲ, ಮನೆಯಿಲ್ಲ. ಕಾಲ ಕೆಳಗೆ ಎಲ್ಲೋ ನೀರು ಹರಿಯುವ ಸದ್ದು ಮಾತ್ರ. ಯೂಸುಫ್ ಬಗ್ಗಿ ಬರಿಗೈಯಿಂದ ಹಿಮವನ್ನು ಮುಟ್ಟಿ, ಮಾಶಾ ಅಲ್ಲಾಹ್ ಎಂದು ಕಣ್ಣು ತುಂಬಿಕೊಂಡರು.

ಸ್ಥಳೀಯ ಗೈಡ್ ಹೆಂಗಸು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನಿಯಮ ಹೇಳಿದಳು. ಮುಂದಿನವರ ಹೆಜ್ಜೆಯ ಮೇಲೆಯೇ ಹೆಜ್ಜೆಯಿಡಬೇಕು. ಯಾರಿಗೆ ಹೆದರಿಕೆಯಾದರೂ ಮುಚ್ಚಿಡದೆ ಹೇಳಬೇಕು, ಅವರಿಗೆ ಧೈರ್ಯ ಬರುವ ತನಕ ಇಡೀ ಸಾಲು ನಿಂತಿರುತ್ತದೆ. ಹೆದರಿಕೆ ಮುಚ್ಚಿಟ್ಟು ನಡೆದವರೇ ಇಲ್ಲಿ ಕಾಲು ತಪ್ಪುವುದು.

ಸ್ವಲ್ಪ ದೂರದಲ್ಲಿ ಹಿಮ ಕರಗಿ ನೀಲಿ ನೀರಿನ ತೋಡೊಂದು ಹರಿಯುತ್ತಿತ್ತು. ಅಗಲವೇನಿಲ್ಲ, ಒಂದು ಹೆಜ್ಜೆಯಷ್ಟು. ರೋಶೆಲ್‌ಗಿಂತ ಮುಂದಿದ್ದ ಅಮೋಘ ದಾಟಿ, ತಿರುಗಿ ಕೈ ಚಾಚಿದ.

ಅವಳು ಆ ಕೈ ನೋಡಿದಳು. ಹಿಡಿಯಲಾಗಲಿಲ್ಲ. 'ಬೇರೆಯವಳ ಕೈ ಹಿಡಿಯುವ ಕೈ ಇದು...'

ಸಾಲು ನಿಂತಿತು. ಗಾಳಿ ಮುಖಕ್ಕೆ ರಾಚುತ್ತಿತ್ತು. ಗೈಡ್ ಹಿಂದಿರುಗಿ ಬಂದು, ಹೆದರಿಕೆಯಾಗುತ್ತಿದೆಯೇ ಎಂದು ಕೇಳಿದಳು. ರೋಶೆಲ್ ಹೌದೆಂದು ತಲೆಯಾಡಿಸಿದಳು. ಏತಕ್ಕೆ ಎಂದು ಗೈಡ್ ಕೇಳಿದಾಗ, ಅವಳು ಅಮೋಘನ ಮುಖ ನೋಡುತ್ತ ಕನ್ನಡದಲ್ಲೇ ಉತ್ತರ ಕೊಟ್ಟಳು.

"ಈ ನೀರಿಗಲ್ಲ. ನಿಮಗೆ ಮದುವೆ ಆಗಿಹೋದರೆ ಆಮೇಲೆ ನಾನು ಎಂತ ಮಾಡುವುದು ಅಂತ ಹೆದರಿಕೆ. ನನಗೆ ನೀವು ಬೇಕಿತ್ತು."

ಹೇಳಿಬಿಟ್ಟಳು! ಮೊದಲೇ ಹೇಳಬೇಕಿದ್ದ ಮಾತು ಈ ಹಿಮದ ನಡುವೆ, ಇಷ್ಟು ಜನರ ಮುಂದೆ. ಕೆನ್ನೆಯ ಮೇಲೆ ಕಣ್ಣೀರು ತಣ್ಣಗೆ ಕೊರೆಯಿತು.

ಚಾಚಿದ ಕೈ ಚಾಚಿದಂತೆಯೇ ಇತ್ತು.

"ಜೊಕಿಮ್ ಅಂಕಲ್ ನನ್ನ ಮಾಫ್ ಮಾಡ್ಲಿ. ಆ ಬಳಿ ಅವರ ಮಗಳು ಡೈನಾಂದು ರೀ. ನಾ ಒಯ್ಯೋದಷ್ಟ. ಮದವಿ ಆಕೀದು, ನಂದಲ್ಲ."

ರೋಶೆಲ್‌ಗೆ ಈಗ ಎಲ್ಲ ಹೊಳೆಯಿತು. ಊರಿಗೆ ಹೋಗುವವರ ಕೈಯಲ್ಲಿ ಬಂಗಾರ ಕೊಟ್ಟು ಕಳಿಸುವುದು ಗಲ್ಫಿನವರ ವಾಡಿಕೆ. ಅದು ಯಾರದೆಂದು ಮನೆ ಮುಟ್ಟಿಸುವ ತನಕ ಒಯ್ಯುವವನು ಬಾಯಿ ಬಿಡುವಂತಿಲ್ಲ. ತನ್ನ ಸೋದರಮಾವನೇ ಎಷ್ಟು ಸಲ ಹೀಗೆ ಒಯ್ದಿಲ್ಲ! ತನಗೇ ಆ ಯೋಚನೆ ಬರಲಿಲ್ಲವಲ್ಲ.

"ಮತ್ತೆ ನನ್ನ ಕೈ ಅಳತೆ?" ಎಂದಳು.

ಅಮೋಘ ತಲೆ ತಗ್ಗಿಸಿದ. "ಅಳತಿ ಬಳಿ ಅಂಕಲ್ ಕೊಟ್ಟಿದ್ರು. ನನ್ನ ಕಿಸೇದಾಗ ಇತ್ತು. ನಿಮ್ಮ ಕೈಯಾಗ ಬಳಿ ಹೆಂಗ ಕಾಣ್ತಾವ ಅಂತ ಒಂದ ಸಲ ನೋಡಬೇಕನಿಸ್ತು ರೀ. ಅಷ್ಟ."

ಅವಳು ಅಳುತ್ತಲೇ ನಕ್ಕಳು. ಕೈ ಹಿಡಿದು ದಾಟಿದಳು. ದಾಟಿದ ಮೇಲೂ ಅವನು ಬಿಡಲಿಲ್ಲ, ಅವಳೂ ಎಳೆದುಕೊಳ್ಳಲಿಲ್ಲ. ಹಿಂದಿನಿಂದ ಯೂಸುಫ್, ಮಂಡಿ ಹೆಪ್ಪುಗಟ್ಟುತ್ತಿದೆ, ಇನ್ನಾದರೂ ನಡೆಯಿರಿ ಎಂದು ಗದರಿದರು.

ಸಾಲು ಮುಂದೆ ಹೊರಟಿತು. ಆದರೆ ರೋಶೆಲ್‌ಳ ತಳಮಳ ಅಷ್ಟಕ್ಕೇ ನಿಲ್ಲುವುದುಂಟೇ? ನಡೆಯುತ್ತಲೇ ಕೇಳಿದಳು, ಇನ್ನು ಮುಂದೇನು ಎಂದು. ಡೈನಾಳ ಮದುವೆಗೆ ಶಿರ್ವಕ್ಕೆ ಹೋಗುತ್ತೇನೆ, ಅಲ್ಲಿ ನಿಮ್ಮ ಮನೆಯವರೂ ಸಿಗುತ್ತಾರಲ್ಲ, ನಾನೇ ಮಾತಾಡುತ್ತೇನೆ ಎಂದ ಅಮೋಘ.

"ಮಮ್ಮಿ ಬೈತಾರೆ. ತುಂಬಾ ಬೈತಾರೆ."

"ಬೈಲಿ. ನಮ್ಮವ್ವನೂ ಬಿಡಂಗಿಲ್ಲ. ನಾ ಕೇಳ್ಕೊಂಡು ನಿಂದರ್ತೀನಿ."

ರೋಶೆಲ್ ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಒಬ್ಬರೇ ಹೋಗ್ಬೇಡಿ. ನಾನೂ ಬರ್ತೇನೆ. ಒಟ್ಟಿಗೇ ಬೈಸಿಕೊಳ್ಳುವ."

"ಖರೇನ?"

"ಖರೇ," ಎಂದಳು, ಅವನ ಮಾತಿನಲ್ಲೇ.